ಹಾಜರಿ

ಕೊನೇ ಬೆಂಚು ನನ್ನದು.
ಇಪ್ಪತ್ತೆರಡು ವರ್ಷದಿಂದ ದಾವಣಗೆರೆಯ ಶಾಲೆಗಳಲ್ಲಿ
ಮೊಣಕಾಲು ಮಡಿಚಿ, ತೊಡೆಯ ಮೇಲೆ ಫಾರಂ ಇಟ್ಟುಕೊಂಡು
ನಾಳೆ ಮೇಷ್ಟರಾಗುವವರಿಗೆ ಅಂಕ ಹಾಕಿದ್ದೇನೆ:
ಪೀಠಿಕೆಗೆ ಐದು, ಕಪ್ಪುಹಲಗೆಗೆ ಐದು,
ಧ್ವನಿಯ ಏರಿಳಿತಕ್ಕೆ ಮೂರು.

ಇವತ್ತು ಏಳನೇ ಬಿ.
ಕಿಟಕಿಯಾಚೆ ಮಂಡಕ್ಕಿ ಭಟ್ಟಿಗಳ ಹೊಗೆ, ಒಳಗೆ ಐವತ್ತೊಂದು ತಲೆ.
ಹರಪನಹಳ್ಳಿ ಕಡೆಯ ಕೊಟ್ರಮ್ಮ,
ನಮ್ಮ ಕಾನ್ವೆಂಟಿನ ಬಿ.ಎಡ್ ಕಾಲೇಜು, ಕೊನೇ ಸೆಮಿಸ್ಟರು,
ಸೀರೆಗೆ ನಾಕು ಪಿನ್ನು, ಕೈಯಲ್ಲಿ ಸುರುಳಿ ಸುತ್ತಿದ ಚಾರ್ಟು.
ಪಾಠ: ಸಂಧಿಗಳು. ಅವಧಿ: ನಲವತ್ತು ನಿಮಿಷ.
ಯೋಜನೆಯ ಪ್ರಕಾರ ಹಾಜರಿಗೆ ಎರಡು.

"ಜೈಬು" ಅಂದಳು.
ಹಿಂದಿನ ಸಾಲಿನ ಹುಡುಗರು ಕೈ ಎತ್ತಿ "ಜೈ!" ಅಂದರು.
ದಿನಾ ಅನ್ನುತ್ತಾರಂತೆ, ನಾಲ್ಕು ವರ್ಷದಿಂದ.
ಹುಡುಗಿ ಎದ್ದಳು, "ಯಸ್ ಮಿಸ್" ಅಂದಳು,
ನೆಲ ನೋಡುತ್ತ ಕೂತಳು.

ಮುಂದಿನ ಹೆಸರಿಗೆ ಹೋಗಬೇಕಿತ್ತು ಕೊಟ್ರಮ್ಮ.
ನಾನೇ ಹಾಗೆ ಕಲಿಸಿದ್ದೆ: ನಗು ಎದ್ದರೆ ನಿಲ್ಲಬೇಡ, ದಾಟು.
ಅವಳು ಪೆನ್ನು ಕೆಳಗಿಟ್ಟಳು.
"ಮನ್ಯಾಗ ನಿಮ್ಮಮ್ಮ ಏನಂತ ಕರೀತಾರೆ?"
ಹುಡುಗಿ ಹೇಳಿದಳು. ಕೊಟ್ರಮ್ಮ ಅಂದು ನೋಡಿ ತಪ್ಪಿದಳು.
"ಹಂಗಲ್ಲ ಮಿಸ್. ಹಲ್ಲು ಕೂಡಿಸಿ. ಬಾಯಾಗ ದುಂಬಿ ಸಿಕ್ಕಂಗ."
ಮೂರನೇ ಸಲಕ್ಕೆ
ಇಡೀ ತರಗತಿ ಹಲ್ಲು ಕೂಡಿಸಿ ಗುಂಯ್‌ಗುಡುತ್ತಿತ್ತು.
ಹಲಗೆಯ ಮೇಲೆ ಜ ಬರೆದು, ಅದರ ಕಾಲಡಿ
ಮಂಡಕ್ಕಿ ಕಾಳಿನಷ್ಟು ಎರಡು ಚುಕ್ಕಿ ಇಟ್ಟಳು:
ಜ಼ೈಬುನ್ನಿಸಾ.

ಅಷ್ಟಾದ ಮೇಲೆ ಯಾರು ಬಿಡುತ್ತಾರೆ?
"ನಂದೂ ಮಿಸ್, ನಂದೂ."
ಠಾವರ್ಯಾ ನಾಯ್ಕನ ಹೆಸರು ಸರಿಯಾಗೇ ಇತ್ತು,
ಆದರೂ ಇನ್ನೆರಡು ಸಲ ಕರೆಸಿಕೊಂಡ.
ಕಯಲ್ವಿಳಿ ಅಂತಿತ್ತು ಪುಸ್ತಕದಲ್ಲಿ;
ಮಿಲ್ಲು ಮುಚ್ಚಿದ ಮೇಲೆ ಅವಳ ತಾತ
ರೈಲ್ವೆ ಸ್ಟೇಷನ್ ಎದುರು ಇಡ್ಲಿ ಗಾಡಿ ಇಟ್ಟವನು.
ನಾಲಿಗೆ ಹಿಂದಕ್ಕೆ ಮಡಿಚಿ ತೋರಿಸಿದಳು.
ಅದು ಳ ಅಲ್ಲ, ರ ಅಲ್ಲ.
ಕೊಟ್ರಮ್ಮ ಹಲಗೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತು
ಪಠ್ಯದಲ್ಲಿಲ್ಲದ ಒಂದು ಅಕ್ಷರ ಬರೆದಳು: ೞ.
"ಇದು ನಮ್ಮಲ್ಲೂ ಇತ್ತು. ಹಳೇ ಕಲ್ಲುಗಳ ಮ್ಯಾಲೆ ಇನ್ನೂ ಐತಿ.
ದಾರ್ಯಾಗ ಎಲ್ಲೋ ಕಳಕೊಂಡ್ವಿ.
ಏಳಕ್ಕ ನಿಮ್ಮನ್ಯಾಗ ಏನಂತೀರಿ?"
ಹುಡುಗಿ ಅಂದಳು.
ಸಾವಿರ ವರ್ಷದ ಹಿಂದಿನ ಕನ್ನಡಿಗನೊಬ್ಬ
ಆರಾದ ಮೇಲಿನದನ್ನು ಎಣಿಸಿದಂತೆ ಕೇಳಿತು.

ಹಾಜರಿ ಅನ್ನುವ ಮಾತೇ ದೂರದಿಂದ ಬಂದದ್ದು,
ಬರುವಾಗ ಅದಕ್ಕೂ ಎರಡು ಚುಕ್ಕಿ ಇದ್ದವು.

ನನ್ನ ಹೆಸರು ಜ಼ೀಟಾ.
ಕಾರ್ಕಳದಿಂದ ಈ ಊರಿಗೆ ಇಳಿದ ದಿನದಿಂದ ಜೀತಾ ಸಿಸ್ಟರು.
ಕಾಯಿಪಲ್ಲೆ ಮಾರುವ ಗೌರಜ್ಜಿಗೆ ಜೀತಮ್ಮ.
ತಿದ್ದಲಿಲ್ಲ. ವ್ರತ ತೊಟ್ಟವಳಿಗೆ ಒಪ್ಪುವ ಹೆಸರೇ ಅಂದುಕೊಂಡು
ಮೊದಲು ನಕ್ಕೆ, ಆಮೇಲೆ ನಗುವುದೂ ಮರೆಯಿತು.
ತಿದ್ದದಿರುವುದನ್ನೇ ವಿನಯ ಎಂದು ಕಲಿತವಳು,
ಎಷ್ಟು ತಂಡಗಳಿಗೆ ಅದನ್ನೇ ಕಲಿಸಿಬಿಟ್ಟೆನೋ.

ಗಂಟೆ ಹೊಡೆಯಿತು.
ಚಾರ್ಟು ಬಿಚ್ಚಿರಲೇ ಇಲ್ಲ; ಲೋಪ, ಆಗಮ, ಆದೇಶ
ಮೂರೂ ರಬ್ಬರ್ ಬ್ಯಾಂಡಿನೊಳಗೆ.
ಹತ್ತೊಂಬತ್ತು ಹೆಸರು ಮುಗಿದಿದ್ದವು.
ಕೊಟ್ರಮ್ಮ ಬಂದು ನಿಂತಳು, ಬೆರಳೆಲ್ಲ ಸೀಮೆಸುಣ್ಣ,
ಅಳುವುದೊಂದೇ ಬಾಕಿ.
"ಪಾಠ ಆಗ್ಲಿಲ್ಲ ಸಿಸ್ಟರ್."

ಸಮಯಪಾಲನೆಗೆ ಸೊನ್ನೆ ಹಾಕಿದೆ. ಅದು ನಿಜವೇ.
ಪೀಠಿಕೆಗೆ ಐದಕ್ಕೆ ಐದು.
ಪಾಠವೇ ಇಲ್ಲದೆ ಪೀಠಿಕೆ ಯಾತರದ್ದು ಎಂದು
ವಿಶ್ವವಿದ್ಯಾಲಯ ಕೇಳಿದರೆ ಕೇಳಲಿ.
"ನಾಳೆ ಇಪ್ಪತ್ತರಿಂದ ಶುರು ಮಾಡು" ಅಂದೆ.
ಕೆಳಗೆ, ಮೇಲ್ವಿಚಾರಕರ ಸಹಿ ಎಂದಿದ್ದಲ್ಲಿ
ದಿನದಂತೆ ಜೀಟಾ ಎಂದು ಬರೆದು, ಎತ್ತಿದ ಪೆನ್ನು ಮತ್ತೆ ಇಳಿಸಿ
ಚುಕ್ಕಿ, ಚುಕ್ಕಿ.
ರೂಢಿಯಿಲ್ಲದ ಕೈ,
ಒಂದು ಸ್ವಲ್ಪ ದೊಡ್ಡದಾಯಿತು.